ಹೆಸರು, ಊರು, ಬೆಂಬಲ

ಮಿಲ್ಪಿಟಾಸ್

ಸ್ಯಾನ್ ಫ್ರಾನ್ಸಿಸ್ಕೊ ನೋಡಿ ಬಂದೆ ಎನ್ನುವುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಒಂದೇ ಒಂದು ಫೋಟೊ. ಅದರಲ್ಲಿ ನಾನಿದ್ದೇನೆ, ನನ್ನ ಹಿಂದೆ ಮಂಜು ಇದೆ, ಮಂಜಿನ ಹಿಂದೆ ಆ ಪ್ರಸಿದ್ಧ ಸೇತುವೆ ಇದೆಯೆಂದು ನೀವು ನಂಬಬೇಕು. ಅಮ್ಮ ನಂಬಲಿಲ್ಲ. "ಇದನ್ನ ಚಾಮುಂಡಿ ಬೆಟ್ಟದಲ್ಲೂ ತೆಗೀಬಹುದಿತ್ತು" ಎಂದರು. ಹಿಂದಿನ ಸಿಂಧು ಆಗಿದ್ದರೆ ಅಲ್ಲೇ ಮೂರು ಅಂಶಗಳಲ್ಲಿ ಉತ್ತರ ಕೊಡುತ್ತಿದ್ದಳು. ಈಗ ಸುಮ್ಮನಾದೆ. ಆ ಪ್ರವಾಸದಿಂದ ಮರಳಿದ ಮೇಲೆ ವಾದ ಎಂದರೆ ನನಗೆ ಸ್ವಲ್ಪ ಹೆದರಿಕೆ.

ಶಾಲೆಯಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಯೇ ನನ್ನ ಆಟ, ಊಟ, ಪಾಠ. ಪರವೋ ವಿರೋಧವೋ, ಚೀಟಿ ಎತ್ತಿದ ಐದು ನಿಮಿಷಕ್ಕೆ ಆ ಕಡೆಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ನಂಬಬಲ್ಲೆ. ಗೆದ್ದ ಫಲಕಗಳು ಮೈಸೂರಿನ ಮನೆಯ ಷೋಕೇಸಿನ ಬಾಗಿಲು ಮುಚ್ಚದಷ್ಟಿವೆ. ಒಂದು ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಲು ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಬೇ ಏರಿಯಾಕ್ಕೆ ಹೋದೆ. ಗೋಷ್ಠಿ ಎರಡೇ ದಿನ. ಉಳಿದ ಮೂರು ವಾರ ಮಿಲ್ಪಿಟಾಸಿನಲ್ಲಿ, ಚಿಕ್ಕಮ್ಮನ ಮಗಳು ದೀಪಕ್ಕನ ಮನೆಯಲ್ಲಿ.

ದೀಪಕ್ಕನ ಗಂಡ ಬಸವರಾಜ ಬಾಗಲಕೋಟೆಯವರು. ಅವರ ತಾಯಿ ಗಿರಿಜಾಬಾಯಿ ಹನ್ನೊಂದು ವರ್ಷಗಳಿಂದ ಅಲ್ಲೇ ಇದ್ದಾರೆ. ನಾನು ಆಂಟಿ ಎಂದು ಶುರುಮಾಡಿದೆ.

"ಆಂಟಿ ಅನಬ್ಯಾಡವ್ವಾ, ಮುದುಕಿ ಆದಂಗ ಅನಸ್ತೈತಿ" ಎಂದರು ಅರವತ್ತೆಂಟರ ಅವರು.

"ಮತ್ತೇನನ್ನಲಿ?"

"ಗಿರಿಜಕ್ಕ ಅನ್ನು. ಇಲ್ಲಿ ಎಲ್ಲಾರೂ ನನಗ ಬಸೂನ ಮಮ್ಮಿ ಅಂತಾರ, ಇಲ್ಲಾ ಇಶಾನ ಅಜ್ಜಿ ಅಂತಾರ. ನನ್ನ ಹೆಸರು ನನಗs ಮರತು ಹೋಗೇತಿ."

ಮಿಲ್ಪಿಟಾಸಿನ ಟೌನ್‌ಹೌಸುಗಳು ಒಂದರ ಪಕ್ಕ ಒಂದು ಅಂಟಿಕೊಂಡಿವೆ, ಆದರೆ ಅಂಗಡಿ ಮಾತ್ರ ಕಾರಿಲ್ಲದೆ ಸಿಗದಷ್ಟು ದೂರ. ನಮ್ಮಲ್ಲಿ ಅಜ್ಜಿಯರು ಬೇಸರವಾದರೆ ಜಗಲಿಗೆ ಬರುತ್ತಾರೆ, ಜಗಲಿ ಸಾಲದಿದ್ದರೆ ಆಟೊ ಹತ್ತುತ್ತಾರೆ. ಇಲ್ಲಿ ಗಿರಿಜಕ್ಕ ಒಂದು ಕಟ್ಟು ಮೆಂತ್ಯ ತರಬೇಕಾದರೂ ಮಗನ ಮೀಟಿಂಗು, ಸೊಸೆಯ ಮೀಟಿಂಗು, ಮೊಮ್ಮಗಳ ಈಜಿನ ಕ್ಲಾಸು, ಈ ಮೂರು ಗ್ರಹಗಳೂ ಕೂಡಿಬರಬೇಕಿತ್ತು. ಎರಡು ವರ್ಷದ ಹಿಂದೆ ಹಿರಿಯರಿಗಾಗಿ ಒಂದು ಸಣ್ಣ ವ್ಯಾನು ಬಂತು. ಮನೆಗಳ ಸಾಲಿನ ತುದಿಯಲ್ಲಿ ಹತ್ತಿದರೆ ಲೈಬ್ರರಿ, ಇಂಡಿಯನ್ ಅಂಗಡಿಗಳ ಮಾಲು, ರೈಲು ನಿಲ್ದಾಣ, ಮತ್ತೆ ಮನೆ. ಮೊದಲ ದಿನವೇ ನನ್ನನ್ನು ಅದರಲ್ಲಿ ಕರೆದೊಯ್ದು, ಸ್ವಂತ ಹೊಲ ತೋರಿಸುವವರ ಹಾಗೆ ಒಂದೊಂದು ತಿರುವನ್ನೂ ತೋರಿಸಿದರು. ಲೈಬ್ರರಿಯಲ್ಲಿ ಅವರಿಗೊಬ್ಬ ಚೀನೀ ಗೆಳತಿ. ಇವರಿಗೆ ಆ ಭಾಷೆ ಬಾರದು, ಅವರಿಗೆ ಈ ಭಾಷೆ ಬಾರದು. ಇಬ್ಬರೂ ಬೆಳೆದ ಸೊಪ್ಪನ್ನು ಬದಲಾಯಿಸಿಕೊಂಡು ಒಂದು ಗಂಟೆ ಕೂರುತ್ತಾರೆ.

"ಒಬ್ಬಾಕೀನ ಹೋಗ್ತೀನಿ, ಒಬ್ಬಾಕೀನ ಬರ್ತೀನಿ" ಎಂದರು ಗಿರಿಜಕ್ಕ. "ಯಾರ್ನೂ ಕೇಳೂದಿಲ್ಲ, ಕಾಯೂದಿಲ್ಲ."

ವ್ಯಾನಿಗೆ ರಾಜ್ಯ ಸರ್ಕಾರ ಕೊಟ್ಟಿದ್ದ ಅನುದಾನ ಪ್ರಯೋಗಕ್ಕೆಂದು ಕೊಟ್ಟದ್ದು. ಜೂನ್ ಕೊನೆಗೆ ಪ್ರಯೋಗ ಮುಗಿಯುತ್ತಿತ್ತು. ಅದನ್ನು ಮುಂದುವರಿಸಲು ಒಂದು ಮಸೂದೆ ರಾಜ್ಯದ ಸೆನೆಟಿನ ಮುಂದಿತ್ತು. ಆ ಮಸೂದೆಯ ವಿಚಾರಣೆಯ ದಿನ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗಿ ಬೆಂಬಲ ಹೇಳಲು ಹಿರಿಯರ ಗುಂಪೊಂದು ಹೊರಟಿತ್ತು. ಗಿರಿಜಕ್ಕ ಅದರಲ್ಲಿ ಹೆಸರು ಕೊಟ್ಟಿದ್ದರು, ಮನೆಯಲ್ಲಿ ಯಾರನ್ನೂ ಕೇಳದೆ.

ಫಾಸ್ಟರ್ ಸಿಟಿ

ಸೆನೆಟ್ ಎಂದೊಡನೆ ವಾಷಿಂಗ್ಟನ್ನಿಗೆ ಓಡಬೇಡಿ. ಇದು ಕ್ಯಾಲಿಫೋರ್ನಿಯ ರಾಜ್ಯದ್ದೇ ಮೇಲ್ಮನೆ, ನಮ್ಮ ವಿಧಾನ ಪರಿಷತ್ತಿನ ಸ್ಥಾನದಲ್ಲಿರುವುದು. ನಮ್ಮ ಪರಿಷತ್ತಿಗೆ ಪದವೀಧರರು, ಶಿಕ್ಷಕರು, ಪಂಚಾಯಿತಿ ಸದಸ್ಯರು, ಶಾಸಕರು ತಂತಮ್ಮ ಬಾಗಿಲಿನಿಂದ ಆರಿಸಿ ಕಳಿಸುತ್ತಾರೆ, ಕೆಲವರನ್ನು ರಾಜ್ಯಪಾಲರು ನೇಮಿಸುತ್ತಾರೆ, ಸಾಮಾನ್ಯ ಮತದಾರನಿಗೆ ಅಲ್ಲಿ ಕಿಟಕಿಯೂ ಇಲ್ಲ. ಇಲ್ಲಿ ಮೇಲ್ಮನೆಗೂ ಜನರೇ ನೇರವಾಗಿ ವೋಟು ಹಾಕುತ್ತಾರೆ. ಇಡೀ ರಾಜ್ಯಕ್ಕೆ ನಲವತ್ತೇ ಕ್ಷೇತ್ರ. ಒಬ್ಬೊಬ್ಬ ಸೆನೆಟರನ ಹಿಂದೆ ಹತ್ತು ಲಕ್ಷದ ಹತ್ತಿರ ಜನ. ನಮ್ಮ ಶಾಸಕ ತನ್ನ ಕ್ಷೇತ್ರದ ಮದುವೆ, ಮುಂಜಿ, ತಿಥಿಗಳಿಗೆಲ್ಲ ಹೋಗಲು ಒದ್ದಾಡುವುದನ್ನು ನೋಡಿದವಳು ನಾನು. ಇವರು ಹೋಗುವ ಪ್ರಯತ್ನವನ್ನೇ ಮಾಡುವುದಿಲ್ಲ, ಬಣ್ಣದ ಕಾರ್ಡು ಕಳಿಸುತ್ತಾರೆ. ಜೂನ್‌ನಲ್ಲಿ ಮೊದಲ ಸುತ್ತಿನ ಚುನಾವಣೆ ಇದ್ದುದರಿಂದ ಮಿಲ್ಪಿಟಾಸಿನ ಅಂಚೆಪೆಟ್ಟಿಗೆಗೆ ದಿನಕ್ಕೆ ಮೂರು ಕಾರ್ಡು ಬೀಳುತ್ತಿದ್ದವು. ಎಲ್ಲದರಲ್ಲೂ ಒಂದು ನಾಯಿ, ಒಬ್ಬ ಅಗ್ನಿಶಾಮಕ ದಳದವನು, ಒಬ್ಬ ಅಭ್ಯರ್ಥಿ.

ಭಾನುವಾರ ಬಸವರಾಜ ಅವರ ಗೆಳೆಯರೊಬ್ಬರು ಫಾಸ್ಟರ್ ಸಿಟಿಗೆ ಊಟಕ್ಕೆ ಕರೆದಿದ್ದರು. ಮನೆಯ ಹಿಂಬಾಗಿಲು ತೆರೆದರೆ ನೀರು, ನೀರಿನ ಮೇಲೆ ಬಾತುಕೋಳಿ, ಆಚೆ ದಡದಲ್ಲಿ ಇಂಥದೇ ಇನ್ನೊಂದು ಮನೆ. ಗೆಳೆಯರು ಡಾಕ್ಟರು, ಮೈಸೂರಿನವರು. ಅವರ ಅಂಚೆಪೆಟ್ಟಿಗೆಯಲ್ಲಿ ಸೆನೆಟಿನ ಒಂದು ಕಾರ್ಡೂ ಇರಲಿಲ್ಲ.

"ನಮ್ಮದು ಆಡ್ ನಂಬರ್ ಡಿಸ್ಟ್ರಿಕ್ಟು" ಎಂದರು ಡಾಕ್ಟರು, ಕೋಸಂಬರಿ ಬಡಿಸಿಕೊಳ್ಳುತ್ತ. "ಎರಡು ವರ್ಷಕ್ಕೊಮ್ಮೆ ಅರ್ಧರ್ಧ. ಈ ಸಲ ಸಮಸಂಖ್ಯೆ, ಮುಂದಿನ ಸಲ ಬೆಸಸಂಖ್ಯೆ. ನಮಗೀಗ ರಜಾ."

"ನಿಮ್ಮ ಸೆನೆಟರ್ ಯಾರು?" ಎಂದೆ.

ಡಾಕ್ಟರು ಹೆಂಡತಿಯನ್ನು ನೋಡಿದರು. ಹೆಂಡತಿ ಬಾತುಕೋಳಿಗಳನ್ನು ನೋಡಿದರು.

ಅಲ್ಲಿಂದ ನನ್ನನ್ನು ಯಾರೂ ಹಿಡಿಯಲಾಗಲಿಲ್ಲ. ಮನೆಯ ಮುಂದಿನ ರಸ್ತೆ, ಮಗುವಿನ ಶಾಲೆ, ಆಸ್ಪತ್ರೆಯ ನಿಯಮ, ಎಲ್ಲ ರಾಜ್ಯದ ಕೈಯಲ್ಲಿರುವಾಗ ರಾಜ್ಯದ ಪ್ರತಿನಿಧಿಯ ಹೆಸರೇ ಗೊತ್ತಿಲ್ಲದವರು ವಾಷಿಂಗ್ಟನ್ನಿನ ಬಗ್ಗೆ ಎರಡು ಗಂಟೆ ಮಾತಾಡುವುದು ಯಾವ ಪ್ರಜಾಪ್ರಭುತ್ವ ಎಂದು ಕೇಳಿದೆ. ಡಾಕ್ಟರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ನಾನು ಮುಚ್ಚಿಸಿದೆ. ಕೊನೆಗೆ ಅವರು ಕೈಮುಗಿದು, "ತಾಯಿ, ಒಪ್ಪಿದೆ. ಪಾಯಸ ತಗೊಳ್ಳಿ" ಎಂದರು. ಎಲ್ಲರೂ ನಕ್ಕರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಗಿರಿಜಕ್ಕ ನನ್ನ ಕೈ ಹಿಡಿದುಕೊಂಡು, "ಎಂಥಾ ಬಾಯವ್ವಾ ನಿಂದು! ಡಾಕ್ಟರಗ ಉಸರಾಡ್ಸಾಕ ಬಿಡಲಿಲ್ಲ" ಎಂದರು. ಅದನ್ನು ನಾನು ಹೊಗಳಿಕೆ ಎಂದುಕೊಂಡೆ. ಅವರೂ ಹೊಗಳಿದ್ದೇ ಇರಬೇಕು.

ವಾಲ್ನಟ್ ಕ್ರೀಕ್

ಸ್ಯಾಕ್ರಮೆಂಟೊಗೆ ಹೋಗುವವರಿಗೆ ಒಂದು ತಯಾರಿ ಸಭೆ ವಾಲ್ನಟ್ ಕ್ರೀಕಿನಲ್ಲಿತ್ತು. ಬೇ ಏರಿಯಾದ ಬೇರೆ ಬೇರೆ ಊರುಗಳಲ್ಲಿ ಇಂಥ ವ್ಯಾನುಗಳಿದ್ದವು, ಎಲ್ಲ ಕಡೆಯವರೂ ಅಲ್ಲಿ ಸೇರುವವರಿದ್ದರು. ಗಿರಿಜಕ್ಕನ ಜೊತೆ ನಾನೂ ರೈಲು ಹತ್ತಿದೆ.

ಮಿಲ್ಪಿಟಾಸ್ ನಿಲ್ದಾಣದಲ್ಲಿ ಎರಡು ಬಣ್ಣದ ರೈಲುಗಳು ಬರುತ್ತವೆ. ಹಸಿರು ಬಂತು. "ಇದಲ್ಲವ್ವಾ, ಕಿತ್ತಳಿ ಬರಬೇಕು" ಎಂದರು ಗಿರಿಜಕ್ಕ. ನಾನು ಗೋಡೆಯ ನಕ್ಷೆ ತೋರಿಸಿ, ಎರಡೂ ಉತ್ತರಕ್ಕೇ ಹೋಗುತ್ತವೆ, ಓಕ್ಲೆಂಡಿನಲ್ಲಿ ಹೇಗೂ ಬದಲಿಸಬೇಕು, ಸುಮ್ಮನೆ ಹತ್ತು ನಿಮಿಷ ಯಾಕೆ ಕಾಯಬೇಕು ಎಂದು ಸಾಧಿಸಿದೆ. ಹತ್ತಿದೆವು. ಓಕ್ಲೆಂಡಿನಲ್ಲಿ ನಾವು ಇಳಿಯಬೇಕಾದ ನಿಲ್ದಾಣ ಈ ರೈಲಿನ ದಾರಿಯಲ್ಲಿ ಇರಲೇ ಇಲ್ಲ. ರೈಲು ಕೊಲ್ಲಿಯ ಕೆಳಗಿನ ಸುರಂಗಕ್ಕೆ ನುಗ್ಗಿ, ಕಿವಿ ಕಿವುಡಾಗುವ ಸದ್ದು ಮಾಡಿ, ನಮ್ಮನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಿಟ್ಟಿತು. ಗಿರಿಜಕ್ಕ ಎದುರಿನ ಪ್ಲಾಟ್‌ಫಾರಂನಲ್ಲಿ ವಾಪಸು ಹೋಗುವ ಹಳದಿ ರೈಲು ತೋರಿಸಿ, "ಇದು ಸೀದಾ ವಾಲ್ನಟ್ ಕ್ರೀಕಿಗೇ ಹೋಗ್ತೈತಿ, ಬಾ" ಎಂದರು. ಸಭೆಗೆ ಮುಕ್ಕಾಲು ಗಂಟೆ ತಡವಾಗಿ ತಲುಪಿದೆವು.

ಸಭೆ ನಡೆಸುತ್ತಿದ್ದವರು ಲಿಂಡಾ ಎಂಬ ನಿವೃತ್ತ ಶಾಲಾಶಿಕ್ಷಕಿ. ನಮಗಾಗಿ ಮೊದಲಿನಿಂದ ಹೇಳಿದರು. ಮಸೂದೆ ಮೊದಲು ಸೆನೆಟಿನ ಸಾರಿಗೆ ಸಮಿತಿಗೆ ಬರುತ್ತದೆ. ಅಲ್ಲಿ ದಾಟಿದರೆ ಹಣಕಾಸಿನ ಸಮಿತಿಗೆ. ಅಲ್ಲೂ ದಾಟಿದರೆ ಇಡೀ ಸೆನೆಟಿನ ಮುಂದೆ. ಆಮೇಲೆ ಕೆಳಮನೆಯಲ್ಲಿ ಇದೇ ಮೆಟ್ಟಿಲುಗಳು ಮತ್ತೊಮ್ಮೆ. ಸಾರಿಗೆ ಸಮಿತಿಯಲ್ಲಿ ನಮ್ಮ ಪರವಾಗಿ ಇಬ್ಬರು ಮಾತ್ರ ಎರಡೆರಡು ನಿಮಿಷ ವಿವರವಾಗಿ ಮಾತಾಡುತ್ತಾರೆ. ಉಳಿದವರೆಲ್ಲ ಸಾಲಾಗಿ ಬಂದು ಮೈಕಿನಲ್ಲಿ ಮೂರೇ ಸಂಗತಿ ಹೇಳಬೇಕು. ಹೆಸರು, ಊರು, ಬೆಂಬಲ. ಅಷ್ಟೇ.

ಎಲ್ಲರಿಂದ ಹೇಳಿಸಿದರು. ಗಿರಿಜಕ್ಕನ ಸರದಿ ಬಂತು. ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಗಿರಿಜಾಬಾಯಿ ಮುತ್ತಗಿ. ಮಿಲ್ಪಿಟಾಸ್. ಸಪೋರ್ಟ್."

"ಪರ್ಫೆಕ್ಟ್" ಎಂದರು ಲಿಂಡಾ. ಗಿರಿಜಕ್ಕ ಕೂತರು. ಅವರ ಕಿವಿಯವರೆಗೆ ಕೆಂಪೇರಿತ್ತು.

ನನಗೆ ಸುಮ್ಮನಿರಲಾಗಲಿಲ್ಲ. ಕೈಯೆತ್ತಿದೆ. "ಅಷ್ಟು ದೂರ ಹೋಗಿ ಏಳು ಸೆಕೆಂಡು ಮಾತಾಡುವುದರಿಂದ ಯಾರ ಮನಸ್ಸು ಬದಲಾಗುತ್ತದೆ? ಕಾರಣ ಹೇಳದ ಬೆಂಬಲಕ್ಕೆ ಏನು ಬೆಲೆ?"

ಲಿಂಡಾ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ಶಿಕ್ಷಕಿಯರು ಎಲ್ಲ ದೇಶದಲ್ಲೂ ಹಾಗೇ ನೋಡುತ್ತಾರೆ. "ಮನಸ್ಸು ಬದಲಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನಾವೆಲ್ಲ ನಡೆದು ಬಂದು ಮೈಕಿನ ಮುಂದೆ ನಿಲ್ಲುವುದನ್ನು ಅವರು ಕೂತು ನೋಡಲೇಬೇಕು. ಮೊಣಕಾಲು ನೋವಿರುವವರು ನಿಧಾನಕ್ಕೆ ಬನ್ನಿ, ಪರವಾಗಿಲ್ಲ."

ಎಲ್ಲರೂ ನಕ್ಕರು. ನನಗೆ ಅದು ಉತ್ತರವೆನಿಸಲಿಲ್ಲ. ತೀರ್ಪುಗಾರರಿದ್ದಿದ್ದರೆ ಈ ಸುತ್ತು ನನ್ನದೇ ಎಂದುಕೊಂಡು ಕೂತೆ.

ಮತ್ತೆ ಮಿಲ್ಪಿಟಾಸ್, ಐದು ದಿನ

ಆ ಸಂಜೆ ಗಿರಿಜಕ್ಕ ರೊಟ್ಟಿ ಬಡಿಯುತ್ತಿದ್ದರು. ಅಡುಗೆಮನೆಯ ಹೊಗೆ ಅಲಾರಂ ಕೂಗದಿರಲೆಂದು ನಾನು ಅದರ ಕೆಳಗೆ ಕುರ್ಚಿ ಹಾಕಿ ನಿಂತು ಟವೆಲು ಬೀಸುತ್ತಿದ್ದೆ. ಬೀಸುತ್ತಲೇ ಶುರುಮಾಡಿದೆ.

"ಗಿರಿಜಕ್ಕ, ನೀವು ನನಗೆ ವ್ಯಾನಿನ ಬಗ್ಗೆ ಹೇಳಿದ್ರಲ್ಲ, ಒಬ್ಬಳೇ ಹೋಗ್ತೀನಿ ಒಬ್ಬಳೇ ಬರ್ತೀನಿ ಅಂತ. ಅದನ್ನ ಅಲ್ಲಿ ಹೇಳಬೇಕು. ಬರೀ ಹೆಸರು ಹೇಳಿದ್ರೆ ಹಾಜರಿ ಕೂಗಿದ ಹಾಗೆ ಆಗುತ್ತೆ."

"ಹಾಜರಿನs ಅಲ್ಲೇನವ್ವಾ? ನನಗ ಅಷ್ಟs ಸಾಕು. ಬರೂ ಇಂಗ್ಲಿಷೂ ಅಷ್ಟs ಐತಿ."

"ನಾನು ಬರೆದುಕೊಡ್ತೀನಿ. ಒಂದೂವರೆ ನಿಮಿಷ."

"ಆ ಲಿಂಡಾ ಬ್ಯಾಡಂದಾಳಲ್ಲ."

"ಲಿಂಡಾಗೆ ನಿಯಮ ಮುಖ್ಯ. ನಿಮಗೆ ವ್ಯಾನು ಮುಖ್ಯ. ಯೋಚನೆ ಮಾಡಿ, ವಯಸ್ಸಾದವರು ಮನಸ್ಸಿಂದ ಮಾತಾಡ್ತಿರುವಾಗ ಯಾವ ಅಧ್ಯಕ್ಷ ತಡೀತಾನೆ? ತಡೆದರೆ ಅವನಿಗೇ ಕೆಟ್ಟ ಹೆಸರು."

ಗಿರಿಜಕ್ಕ ರೊಟ್ಟಿ ತಿರುವಿ ಹಾಕಿದರು. ಇನ್ನೊಂದು ಬಡಿದು ಹಂಚಿಗೆ ಹಾಕಿದರು. "ನೀ ಇಷ್ಟು ಓದಿದಾಕಿ, ನಿನಗ ಗೊತ್ತಿರತೈತಿ" ಎಂದರು ಕೊನೆಗೆ. ನಾನು ಗೆದ್ದಿದ್ದೆ.

ಬರೆದೆ. ಒಳ್ಳೆಯ ಭಾಷಣವೇ, ಈಗಲೂ ಹಾಗೇ ಅನಿಸುತ್ತದೆ. ಅದರ ಆರಂಭ ಮಾತ್ರ ನಾನು ಬರೆದದ್ದಲ್ಲ, ಕೈ ತಾನೇ ಬರೆದುಕೊಂಡದ್ದು. ಗೌರವಾನ್ವಿತ ಸಭಾಧ್ಯಕ್ಷರೇ, ಈ ಘನ ಸಮಿತಿಯ ಮಾನ್ಯ ಸದಸ್ಯರೇ, ಮಹನೀಯರೇ ಮತ್ತು ಮಹಿಳೆಯರೇ. ನಮ್ಮ ಸ್ಪರ್ಧೆಗಳಲ್ಲಿ ಸಂಬೋಧನೆ ಬಿಟ್ಟರೆ ಅಂಕ ಹೋಗುತ್ತದೆ. ಹತ್ತನೇ ವಯಸ್ಸಿನಿಂದ ನಾನು ಬಾಯಿ ತೆರೆದರೆ ಮೊದಲು ಬರುವುದು ಇದೇ. ಗಿರಿಜಕ್ಕನ ಹೆಸರು ನಾಲ್ಕನೇ ವಾಕ್ಯದಲ್ಲಿತ್ತು.

ಅವರು ಆ ಇಂಗ್ಲಿಷನ್ನು ಅಭ್ಯರ್ಥಿಯೊಬ್ಬರ ಬಣ್ಣದ ಕಾರ್ಡಿನ ಹಿಂದೆ ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಐದು ದಿನ ಬಾಯಿಪಾಠ ಮಾಡಿದರು. ಬಟ್ಟೆ ಮಡಚುವಾಗ, ಸೊಪ್ಪು ಸೋಸುವಾಗ, ವ್ಯಾನಿಗೆ ಕಾಯುವಾಗ. ಒಂಬತ್ತು ವರ್ಷದ ಇಶಾ ಒಮ್ಮೆ ಕೇಳಿಸಿಕೊಂಡು, "ಅಜ್ಜಿ, ದಟ್ಸ್ ಟೂ ಲಾಂಗ್. ಜಸ್ಟ್ ಸೇ ಯುವರ್ ನೇಮ್" ಎಂದಳು. ನಾನು ಅವಳಿಗೆ ಸಂಬೋಧನೆಯ ಮಹತ್ವ ವಿವರಿಸಿದೆ. ಅವಳು ಹಾಲು ಕುಡಿದು ಹೋದಳು.

ಸ್ಯಾಕ್ರಮೆಂಟೊ

ಬೆಳಿಗ್ಗೆ ಬಸ್ಸು ಹೊರಟಿತು. ಬೇ ಏರಿಯಾದ ಗುಡ್ಡಗಳು ಏಪ್ರಿಲ್‌ನಲ್ಲಿ ಹಸಿರಾಗಿರುತ್ತವೆ, ಇನ್ನೊಂದು ತಿಂಗಳಿಗೆ ಒಣಗಿ ಸಿಂಹದ ಬಣ್ಣಕ್ಕೆ ತಿರುಗುತ್ತವಂತೆ. ಗುಡ್ಡ ದಾಟಿದ ಮೇಲೆ ಕಣ್ಣು ಹಾಯುವವರೆಗೆ ಸಪಾಟು ನೆಲ. "ನಮ್ಮ ಕಡೆ ಇದ್ದಂಗೈತಿ ನೋಡು" ಎಂದು ಗಿರಿಜಕ್ಕ ಕಿಟಕಿಗೆ ಮುಖ ಹಚ್ಚಿದರು. ಇಳಕಲ್ ಸೀರೆ ಉಟ್ಟಿದ್ದರು. ಕಾರ್ಡು ಕೈಚೀಲದಲ್ಲಿತ್ತು, ಎರಡು ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದರು.

ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಒಳಗೆ ಬಿಡುವರೋ ಇಲ್ಲವೋ ಎಂದು ಅಂಜುವ ನಮಗೆ ಸ್ಯಾಕ್ರಮೆಂಟೊದ ಶಾಸನಭವನದ ಸಲೀಸು ಆಶ್ಚರ್ಯವೆನಿಸುತ್ತದೆ. ಚೀಲ ತಪಾಸಣೆ ಮಾಡಿದರು, ಒಳಗೆ ಬಿಟ್ಟರು. ಯಾರನ್ನು ನೋಡಬೇಕು, ಯಾರ ಪತ್ರವಿದೆ ಎಂದು ಕೇಳಲಿಲ್ಲ. ಆದರೆ ಸಮಿತಿಯ ಕೋಣೆ ನನ್ನನ್ನು ಕೆರಳಿಸಿತು. ಎತ್ತರದ ಆಸನಗಳಲ್ಲಿ ಅರ್ಧಕ್ಕರ್ಧ ಖಾಲಿ. ಸದಸ್ಯರು ಬೇರೆ ಸಮಿತಿಗಳಿಗೆ ಓಡುತ್ತಿದ್ದರು, ನಡುವೆ ಬಂದು ಹೆಸರು ಕೂಗಿದಾಗ ವೋಟು ಹೇಳಿ ಮತ್ತೆ ಹೋಗುತ್ತಿದ್ದರು. ವಾದವನ್ನೇ ಕೇಳದವರು ತೀರ್ಪು ಕೊಡುವುದೇ! ನಾನು ಲಿಂಡಾ ಅವರ ಕಿವಿಯಲ್ಲಿ ಇದನ್ನು ಹೇಳಿದೆ. "ಹ್ಞೂಂ" ಎಂದರು, "ಅದಕ್ಕೇ ಚಿಕ್ಕದಾಗಿ ಹೇಳುವುದು."

ನಮ್ಮ ಮಸೂದೆ ಬಂತು. ಇಬ್ಬರು ಮಾತಾಡಿದರು. ಆಮೇಲೆ ಅಧ್ಯಕ್ಷರು, ಬಿಳಿಗೂದಲಿನ ಸೌಮ್ಯ ಮುಖದವರು, ಬೆಂಬಲಿಸುವವರು ಮೈಕಿಗೆ ಬರಬಹುದು, ಹೆಸರು ಮತ್ತು ನಿಲುವು ಮಾತ್ರ ಎಂದರು. ಸಾಲು ಎದ್ದಿತು. ಕೋಲು ಊರಿಕೊಂಡವರು, ಗಾಲಿಕುರ್ಚಿಯವರು, ಒಬ್ಬರ ಭುಜ ಒಬ್ಬರು ಹಿಡಿದವರು. ಹೆಸರು, ಊರು, ಬೆಂಬಲ. ಹೆಸರು, ಊರು, ಬೆಂಬಲ. ಕೇಳುತ್ತ ಕೇಳುತ್ತ ಅದಕ್ಕೊಂದು ಲಯ ಬಂತು. ಫೋನು ನೋಡುತ್ತಿದ್ದ ಒಬ್ಬ ಸದಸ್ಯೆ ತಲೆಯೆತ್ತಿದರು. ಹತ್ತನೆಯವರು, ಹನ್ನೆರಡನೆಯವರು. ಲಿಂಡಾ ಹೇಳಿದ್ದು ಆಗ ನನಗೆ ಅರ್ಥವಾಗತೊಡಗಿತು. ಆದರೆ ನನ್ನ ಮುಂದೆ ಗಿರಿಜಕ್ಕ ಇದ್ದರು, ಅವರ ಮುಂದೆ ಯಾರೂ ಉಳಿದಿರಲಿಲ್ಲ.

ಗಿರಿಜಕ್ಕ ಕಾರ್ಡು ಬಿಚ್ಚಿ ಹಿಡಿದರು.

"ರೆಸ್ಪೆಕ್ಟೆಡ್ ಚೇರ್‌ಪರ್ಸನ್, ಆನರಬಲ್ ಮೆಂಬರ್ಸ್ ಆಫ್ ದಿಸ್ ಆಗಸ್ಟ್ ಕಮಿಟಿ, ಲೇಡೀಸ್ ಅಂಡ್ ಜೆಂಟಲ್‌ಮೆನ್, ಐ ಸ್ಟ್ಯಾಂಡ್ ಬಿಫೋರ್ ಯೂ..."

"ಥ್ಯಾಂಕ್ ಯೂ, ಮ್ಯಾಮ್" ಎಂದರು ಅಧ್ಯಕ್ಷರು, ಮೃದುವಾಗಿಯೇ. "ಹೆಸರು ಮತ್ತು ನಿಲುವು ಮಾತ್ರ, ದಯವಿಟ್ಟು."

ಬಾಯಿಪಾಠ ಮಾಡಿದವರನ್ನು ನಡುವೆ ತಡೆದರೆ ಏನಾಗುತ್ತದೆಂದು ನನಗೆ ಗೊತ್ತಿರಬೇಕಿತ್ತು. ಎಷ್ಟೋ ಎಳೆಯ ಸ್ಪರ್ಧಿಗಳನ್ನು ಹಾಗೆ ಕೆಡವಿದವಳು ನಾನೇ. ಗಿರಿಜಕ್ಕ ಒಂದು ಕ್ಷಣ ಕಾರ್ಡು ನೋಡಿದರು. ಸಾಲು ತಪ್ಪಿತ್ತು. ಮೊದಲಿನಿಂದ ಶುರುಮಾಡಿದರು.

"ರೆಸ್ಪೆಕ್ಟೆಡ್ ಚೇರ್‌ಪರ್ಸನ್, ಆನರಬಲ್ ಮೆಂಬರ್ಸ್..."

ಹಿಂದೆ ಯಾರೋ ಸಣ್ಣಗೆ ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ನಾಟಕದಲ್ಲಿ ಹುಟ್ಟುವಂಥದು.

"ಥ್ಯಾಂಕ್ ಯೂ, ಥ್ಯಾಂಕ್ ಯೂ ಸೋ ಮಚ್. ನೀವು ಬಂದದ್ದಕ್ಕೆ ಸಂತೋಷ. ಮುಂದಿನವರು, ಪ್ಲೀಸ್."

ಗಿರಿಜಕ್ಕ ಪಕ್ಕಕ್ಕೆ ಸರಿದರು. ಮುಂದಿನವಳು ನಾನು. ಮೈಕು ಎದುರಿಗೆ ಬಂದರೆ ನನ್ನ ದೇಹಕ್ಕೆ ಒಂದೇ ಅಭ್ಯಾಸ. ನಿಯಮ ಅರ್ಥವಾಗಿತ್ತು, ಸಮಯ ಗೊತ್ತಿತ್ತು, ದನಿ ಸಿದ್ಧವಿತ್ತು.

"ಸಿಂಧು. ಮೈಸೂರು, ಇಂಡಿಯಾ. ಸಪೋರ್ಟ್."

"ವಾಹ್, ಬಹಳ ದೂರದಿಂದ ಬಂದಿದ್ದೀರಿ. ಸ್ವಾಗತ" ಎಂದರು ಅಧ್ಯಕ್ಷರು. ಕೋಣೆಯೆಲ್ಲ ನಕ್ಕಿತು, ಬೆಚ್ಚಗೆ. ನಾನೂ ನಕ್ಕೆ. ತಲೆಬಾಗಿ ಸರಿದೆ.

ಬಾಗಿಲ ಬಳಿ ಬಂದ ಮೇಲೆ ಹೊಳೆಯಿತು. ಆ ಮೈಕಿನಲ್ಲಿ ನಾನು ಅವರ ಹೆಸರು ಹೇಳಬಹುದಿತ್ತು. ನನ್ನ ಮುಂದೆ ಬಂದವರು ಗಿರಿಜಾಬಾಯಿ ಮುತ್ತಗಿ, ಮಿಲ್ಪಿಟಾಸಿನವರು, ಬೆಂಬಲಿಸುತ್ತಾರೆ ಎಂದು. ನನಗೆ ಅಲ್ಲಿ ವೋಟಿಲ್ಲ, ಮನೆಯಿಲ್ಲ, ವ್ಯಾನೂ ಬೇಕಿಲ್ಲ. ಹನ್ನೆರಡು ದಿನಕ್ಕೆ ವಿಮಾನ ಹತ್ತುವವಳು. ತಿರುಗಿ ನೋಡಿದೆ. ಮೈಕಿನಲ್ಲಿ ಮಸೂದೆಯನ್ನು ವಿರೋಧಿಸುವವರನ್ನು ಕರೆಯುತ್ತಿದ್ದರು.

ಗಿರಿಜಕ್ಕ ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಕೂತು ಕಾರ್ಡನ್ನು ನಾಲ್ಕು ಮಡಿಕೆ ಮಾಡುತ್ತಿದ್ದರು.

"ಗಿರಿಜಕ್ಕ..."

"ಛಲೋ ಮಾತಾಡಿದಿ" ಎಂದರು. "ಸ್ಪಷ್ಟ ಕೇಳಿಸ್ತು."

ಬಸ್ಸಿನಲ್ಲಿ ಡಬ್ಬಿ ತೆಗೆದು ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಹಂಚಿದರು. ಲಿಂಡಾಗೆ ಎರಡು ಹೆಚ್ಚು ಹಾಕಿದರು. ತಾವು ತಿನ್ನಲಿಲ್ಲ.

ಮಿಲ್ಪಿಟಾಸ್, ಉಳಿದ ದಿನಗಳು

ಮಸೂದೆ ಆ ಸಮಿತಿಯನ್ನು ದಾಟಿತು. ಸಂಜೆ ಲಿಂಡಾ ಎಲ್ಲರಿಗೂ ಸಂದೇಶ ಕಳಿಸಿದರು. ನೋಡಿ, ನಾನು ಲೆಕ್ಕದಲ್ಲಿ ತಪ್ಪಿರಲಿಲ್ಲ, ಒಂದು ದನಿ ಹೆಚ್ಚಾದರೂ ಕಡಿಮೆಯಾದರೂ ಫಲಿತಾಂಶ ಅದೇ. ಇದನ್ನು ದೀಪಕ್ಕನಿಗೆ ಹೇಳಿದೆ, ಸಮಾಧಾನಕ್ಕೆಂದು.

ದೀಪಕ್ಕ ಪಾತ್ರೆ ಜೋಡಿಸುವುದನ್ನು ನಿಲ್ಲಿಸಿದಳು. "ಸಿಂಧು, ನೀನು ಬರೋಕ್ಕೆ ಮುಂಚೆ ಎರಡು ವಾರ ಅತ್ತೆ ಶವರಲ್ಲಿ ಪ್ರಾಕ್ಟೀಸ್ ಮಾಡ್ತಿದ್ರು ಕಣೇ. ಗುಂಪಿನವರು ಮೊದಲೇ ಹೇಳಿಕೊಟ್ಟಿದ್ರಂತೆ, ಹೆಸರು, ಊರು, ಸಪೋರ್ಟು. ನಮಗೆಲ್ಲ ಕೇಳಿಸ್ತಿತ್ತು, ಕೇಳಿಸದ ಹಾಗೆ ಆಕ್ಟ್ ಮಾಡ್ತಿದ್ವಿ. ಸಿಟಿಜನ್ ಆದಾಗ ಹೇಳೋ ಪ್ರಮಾಣ ಎಲ್ಲರ ಜೊತೆ ಗುಂಪಲ್ಲಿ ಹೇಳಿದ್ದು. ಒಬ್ಬರೇ ಮೈಕಲ್ಲಿ ಹೆಸರು ಹೇಳೋದು ಇದೇ ಫಸ್ಟು."

"ನನಗೆ ಗೊತ್ತಿರಲಿಲ್ಲ."

"ನೀನು ಕೇಳಲಿಲ್ಲ."

ದೀಪಕ್ಕ ಮತ್ತೆ ಪಾತ್ರೆ ಜೋಡಿಸತೊಡಗಿದಳು.

ವಿಚಾರಣೆಯ ವಿಡಿಯೊ ಸೆನೆಟಿನ ಜಾಲತಾಣದಲ್ಲಿರುತ್ತದೆ. ಒಬ್ಬಳೇ ಕೂತು ನೋಡಿದೆ. ಸ್ವಾಗತಕ್ಕೆ ನಾನು ನಗುವುದು ಅದರಲ್ಲಿದೆ. ನಗುವಾಗ ನನ್ನ ಭುಜದ ಹಿಂದೆ, ಚೌಕಟ್ಟಿನ ಅಂಚಿನಲ್ಲಿ, ಇಳಕಲ್ ಸೀರೆಯ ಕೆಂಪು ಸೆರಗು ಆಚೆಗೆ ಸರಿಯುವುದೂ ಇದೆ. ಸಮಿತಿಯ ಕಚೇರಿಗೆ ಇಮೇಲು ಬರೆದೆ, ಇಂಥವರ ಹೆಸರನ್ನು ಬೆಂಬಲಿಗರಲ್ಲಿ ಸೇರಿಸಿ ಎಂದು ನಾಲ್ಕು ಕಾರಣ ಕೊಟ್ಟು. ವಿನಯದ ಉತ್ತರ ಬಂತು. ಪತ್ರಗಳನ್ನು ವಿಚಾರಣೆಗೆ ಮೊದಲು ಕಳಿಸಬೇಕಿತ್ತು, ಮಸೂದೆ ಈಗ ಹಣಕಾಸಿನ ಸಮಿತಿಗೆ ಹೋಗಿದೆ, ಕೆಳಮನೆಗೆ ಬಂದರೆ ಅಲ್ಲಿ ಮತ್ತೊಮ್ಮೆ ಸಾರ್ವಜನಿಕರಿಗೆ ಅವಕಾಶವಿರುತ್ತದೆ.

ಕುಣಿದಾಡಿಕೊಂಡು ಹೋಗಿ ಗಿರಿಜಕ್ಕನಿಗೆ ಹೇಳಿದೆ. ಜೂನ್‌ನಲ್ಲಿ ಇನ್ನೊಂದು ಅವಕಾಶ. ಈ ಸಲ ಮೂರೇ ಮಾತು.

"ನೋಡೂಣಂತ" ಎಂದರು. ನನ್ನ ಮುಖ ನೋಡಿ ಸೇರಿಸಿದರು, "ಹೋಗ್ತೀನೇಳವ್ವಾ. ನೀ ಯಾಕ ಮಾರಿ ಸಣ್ಣ ಮಾಡ್ತಿ?"

ಮೈಸೂರು

ನಾನು ಮರಳಿದ ಮೂರನೇ ವಾರ ದೀಪಕ್ಕ ಇನ್ನೊಂದು ವಿಡಿಯೊದ ಕೊಂಡಿ ಕಳಿಸಿದಳು. ಅಲ್ಲಿನ ಹಣಕಾಸಿನ ಸಮಿತಿಗೆ ಒಂದು ಪದ್ಧತಿಯಿದೆ. ಖರ್ಚು ತರುವ ಮಸೂದೆಗಳನ್ನೆಲ್ಲ ಒಟ್ಟಿಗೆ ತಡೆದಿಟ್ಟು, ಒಂದು ದಿನ ನೂರಾರನ್ನು ಒಂದೇ ಉಸಿರಿಗೆ ಓದುತ್ತಾರೆ. ಇದು ಪಾಸು, ಇದು ಪಾಸು, ಇದನ್ನು ತಡೆಹಿಡಿಯಲಾಗಿದೆ. ಯಾಕೆ ಎಂದು ಹೇಳುವುದಿಲ್ಲ. ಆ ದಿನ ಸಾರ್ವಜನಿಕರ ಸಾಲಿಲ್ಲ. ನಮ್ಮ ಮಸೂದೆಯ ಸಂಖ್ಯೆ ಬಂತು. ತಡೆಹಿಡಿಯಲಾಗಿದೆ. ಮುಂದಿನ ಸಂಖ್ಯೆ.

ಏಳು ಸೆಕೆಂಡೂ ಆಗಲಿಲ್ಲ. ಕೆಳಮನೆಯ ಮಾತೇ ಇಲ್ಲ, ಮೈಕೂ ಇಲ್ಲ. ಗಿರಿಜಕ್ಕನಿಗೆ ಸಿಕ್ಕಬಹುದಾಗಿದ್ದ ಜಾಗ ಒಂದೇ ಒಂದಾಗಿತ್ತು, ಅದರಲ್ಲಿ ನಾನು ನನ್ನ ಸಂಬೋಧನೆ ತುಂಬಿದ್ದೆ.

ಫೋನು ಮಾಡಲು ಜುಲೈವರೆಗೆ ಧೈರ್ಯ ಬರಲಿಲ್ಲ. ಒಂದು ದಿನ ಬೆಳಿಗ್ಗೆ ಕಾಫಿಯೂ ಕುಡಿಯದೆ ಮಾಡಿದೆ. ಅಲ್ಲಿ ಹಿಂದಿನ ದಿನದ ಸಂಜೆ. ಗಿರಿಜಕ್ಕನೇ ಎತ್ತಿದರು. ಅಮ್ಮ, ಅಪ್ಪ, ಮಳೆ, ಎಲ್ಲ ವಿಚಾರಿಸಿದರು. ವ್ಯಾನು ನಿಂತು ಎರಡು ವಾರವಾಗಿತ್ತು. ಕೊನೆಯ ದಿನ ಎಲ್ಲರೂ ಎಲ್ಲೂ ಇಳಿಯದೆ ಎರಡು ಸುತ್ತು ಹಾಕಿದರಂತೆ. ಚೀನೀ ಗೆಳತಿ ಸೊಪ್ಪಿನ ಬೀಜ ಕೊಟ್ಟರಂತೆ.

ನಾನು ಬರೆದಿಟ್ಟುಕೊಂಡಿದ್ದ ಕ್ಷಮೆಯನ್ನು ಶುರುಮಾಡಿದೆ. ಅದರಲ್ಲೂ ಅಂಶಗಳಿದ್ದವು, ಮೊದಲನೆಯದಾಗಿ, ಎರಡನೆಯದಾಗಿ. "ಅಂದು ನಿಮ್ಮ ಮಾತು ಕೇಳಿಸಿದ್ದರೂ ಕೊನೆಗೆ ಇದೇ ಆಗ್ತಿತ್ತು ಗಿರಿಜಕ್ಕ, ಆದರೂ..."

"ಅದು ನನಗ ಗೊತ್ತೈತೇಳು" ಎಂದರು. "ನಾ ಏನು ಗೆಲ್ಲಾಕ ಹೋಗಿದ್ನೇನು?"

ನಾನು ಬರೆದಿಟ್ಟ ಹಾಳೆಯನ್ನು ಮಡಚಿದೆ. ಆಮೇಲೆ ಅವರೇ ಕೇಳಿದರು.

"ಆ ವಿಡಿಯೋದಾಗ ನಿನ್ನ ಹೆಸರು ಇನ್ನೂ ಐತೇನು?"

"ಇದೆ."

"ಛಲೋ ಆತು. ನಮ್ಮ ಮನೀದು ಒಂದರ ಐತಲ್ಲ."

ನಾನು ಏನೋ ಹೇಳಲು ಹೊರಟೆ.

"ಇಡ್ತೀನವ್ವಾ, ಬಸೂನ ಫೋನ್ ಬರಬೌದು. ಲೈಬ್ರರಿಗೆ ಹೋಗೂದೈತಿ. ಮೀಟಿಂಗ್ ಮುಗಿಸಿ ಕರಕೊಂಡು ಹೋಗ್ತೀನಂತ ಬಸು ಹೇಳ್ಯಾನ. ಮುಂಜಾನಿ ಹತ್ತರಿಂದ ಸೀರಿ ಉಟಗೊಂಡು ಕುಂತೀನಿ."